ಗಣಕ ವಿಜ್ಞಾನದಲ್ಲಿ ಪಿಎಚ್.ಡಿ.: ಪ್ರವೇಶ ಬೇರೆ, ಶಿಷ್ಯವೇತನ ಬೇರೆ

ಹೈದರಾಬಾದಿನ ಸನತ್‌ನಗರಕ್ಕೆ ಆ ಹೆಸರು ಬಂದುದು ಕೈಗಾರಿಕೆ ಎಂಬ ಅರ್ಥವುಳ್ಳ 'ಸನತ್' ಎಂಬ ಉರ್ದು ಶಬ್ದದಿಂದ. ಒಂದು ಕಾಲಕ್ಕೆ ದೇಶದಾದ್ಯಂತ ಮನೆಮಾತಾಗಿದ್ದ ಆಲ್ವಿನ್ ರೆಫ್ರಿಜರೇಟರು ಮತ್ತು ಕೈಗಡಿಯಾರಗಳ ಹೆಸರು ಈ ಪ್ರದೇಶದೊಡನೆ ಬೆಸೆದುಕೊಂಡಿದೆ. ಬೀದರ, ಕಲಬುರಗಿ ಮತ್ತು ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರ ವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದುದರಿಂದ, ಆ ಜಿಲ್ಲೆಗಳ ಕನ್ನಡಿಗರಿಗೆ ಹೈದರಾಬಾದು ಪರಸ್ಥಳವಾಗಿರಲಿಲ್ಲ. ಅದು ಅವರ ರಾಜಧಾನಿಯೇ ಆಗಿತ್ತು. ಕೆಲಸವನ್ನರಸಿ ಬಂದು ಇಂಥ ಬಡಾವಣೆಗಳಲ್ಲಿ ನೆಲೆಸಿದವರ ಮಕ್ಕಳು ಮತ್ತು ಮೊಮ್ಮಕ್ಕಳು ಇಂದು ಎಂಜಿನಿಯರಿಂಗ್ ಹಾಗೂ ಎಂ.ಸಿ.ಎ. ಪದವೀಧರರಾಗುತ್ತಿದ್ದಾರೆ.

ಪದವಿ ಕೈಸೇರಿದ ವರ್ಷ ಇಂಥ ಮನೆಗಳಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಭಾರತ್‌ನಗರ ನಿಲ್ದಾಣದಲ್ಲಿ ಎಂ.ಎಂ.ಟಿ.ಎಸ್. ರೈಲು ಹತ್ತಿದರೆ ಕೆಲವೇ ನಿಲ್ದಾಣಗಳಾಚೆ ಹೈಟೆಕ್ ಸಿಟಿ ಇದೆ. ಅಲ್ಲಿ ಸಂಬಳದ ಕೆಲಸ ದೊರೆಯಬಹುದು. ಅದನ್ನು ಬಿಟ್ಟು ಕೃತಕ ಬುದ್ಧಿಮತ್ತೆಯಲ್ಲಿ ಇನ್ನೂ ಐದು ವರ್ಷ ಸಂಶೋಧನೆ ಮಾಡುವೆನೆಂದು ಮಗಳು ಹೇಳಿದರೆ, 'ಇಷ್ಟು ವರ್ಷ ಓದಿಸಿದ್ದಾಯಿತು, ಇನ್ನು ಆ ಖರ್ಚನ್ನು ಯಾರು ನೋಡಬೇಕು?' ಎಂದು ತಂದೆ ಕೇಳುವುದು ಅಸಂಗತವೇನಲ್ಲ. ಸಂಸಾರದ ಲೆಕ್ಕ ಬಲ್ಲವರು ಕೇಳುವ ಪ್ರಶ್ನೆಯೇ ಅದು. ವಿಜ್ಞಾನ ಮತ್ತು ತಂತ್ರಜ್ಞಾನ ವಿಷಯಗಳಲ್ಲಿ ಪೂರ್ಣಾವಧಿ ಸಂಶೋಧನೆ ಕೈಗೊಳ್ಳುವವರಿಗೆ ಮಾಸಿಕ ಶಿಷ್ಯವೇತನ ನೀಡುವ ಹಲವು ವ್ಯವಸ್ಥೆಗಳು ದೇಶದಲ್ಲಿವೆ. ಆದರೆ ಪಿಎಚ್.ಡಿ.ಗೆ ಪ್ರವೇಶ ದೊರೆತ ಮಾತ್ರಕ್ಕೆ ಶಿಷ್ಯವೇತನ ತಾನಾಗಿ ದೊರೆಯುವುದಿಲ್ಲ. ಶಿಷ್ಯವೇತನಕ್ಕೆ ಅರ್ಹತೆ ಬಂದ ಮಾತ್ರಕ್ಕೆ ಪ್ರವೇಶವೂ ಖಚಿತವಾಗುವುದಿಲ್ಲ. ಇವು ಎರಡು ಬೇರೆ ಬೇರೆ ಬಾಗಿಲುಗಳು. ಅಭ್ಯರ್ಥಿಗಳು ಎಡವುವುದು ಹೆಚ್ಚಾಗಿ ಇವೆರಡನ್ನೂ ಒಂದೆಂದು ಭಾವಿಸಿದಾಗ.

ಅರ್ಹತೆ ಮತ್ತು ಅವಧಿ

ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರ ನವೆಂಬರ್‌ನಲ್ಲಿ ಹೊರಡಿಸಿದ ಪಿಎಚ್.ಡಿ. ನಿಯಮಾವಳಿಯ ಪ್ರಕಾರ, ಸ್ನಾತಕೋತ್ತರ ಪದವಿಯಲ್ಲಿ ಶೇಕಡಾ 55 ಅಂಕಗಳನ್ನು ಅಥವಾ ಅದಕ್ಕೆ ಸಮನಾದ ಶ್ರೇಣಿಯನ್ನು ಪಡೆದವರು ಪ್ರವೇಶಕ್ಕೆ ಅರ್ಹರು. ನಾಲ್ಕು ವರ್ಷಗಳ ಸ್ನಾತಕ ಪದವಿಯಲ್ಲಿ ಶೇಕಡಾ 75 ಅಂಕಗಳನ್ನು ಗಳಿಸಿದವರು ಸ್ನಾತಕೋತ್ತರ ಪದವಿಯಿಲ್ಲದೆಯೇ ನೇರವಾಗಿ ಅರ್ಜಿ ಸಲ್ಲಿಸಬಹುದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಇತರ ಹಿಂದುಳಿದ ವರ್ಗ, ಆರ್ಥಿಕವಾಗಿ ದುರ್ಬಲ ವರ್ಗ ಮತ್ತು ವಿಕಲಚೇತನ ಅಭ್ಯರ್ಥಿಗಳಿಗೆ ಶೇಕಡಾ 5ರ ರಿಯಾಯಿತಿ ಇದೆ. ವ್ಯಾಸಂಗದ ಅವಧಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮರುನೋಂದಣಿಯ ಮೂಲಕ ಇನ್ನೆರಡು ವರ್ಷ ಪಡೆಯಲು ಅವಕಾಶವಿದೆ. ಮಹಿಳೆಯರಿಗೂ, ಶೇಕಡಾ 40ಕ್ಕಿಂತ ಹೆಚ್ಚಿನ ವೈಕಲ್ಯವುಳ್ಳವರಿಗೂ ಇದಲ್ಲದೆ ಮತ್ತೆರಡು ವರ್ಷಗಳ ಸಡಿಲಿಕೆಯುಂಟು. ಮಹಿಳಾ ಸಂಶೋಧಕರು ಹೆರಿಗೆ ಮತ್ತು ಶಿಶುಪಾಲನೆಗಾಗಿ ಒಟ್ಟು 240 ದಿನಗಳ ರಜೆ ಪಡೆಯಬಹುದು. ಮದುವೆಯ ಮಾತುಕತೆ ನಡೆಯುತ್ತಿರುವ ಮನೆಗಳಲ್ಲಿ ಈ ಕೊನೆಯ ಅಂಶ ಅರಿವಿಗೆ ಬರುವುದೇ ವಿರಳ. ಅನೇಕ ಹೆಣ್ಣುಮಕ್ಕಳ ಸಂಶೋಧನೆಯ ಆಸೆ ಅರ್ಜಿಯ ಹಂತಕ್ಕೆ ಬರುವ ಮೊದಲೇ ಮುಗಿದುಹೋಗುವುದಕ್ಕೆ ಇದೂ ಒಂದು ಕಾರಣವಿರಬಹುದು.

ಐ.ಐ.ಟಿ.ಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತಮ್ಮದೇ ಆದ ಪ್ರವೇಶ ನಿಯಮಗಳನ್ನು ಹೊಂದಿವೆ. ಆದ್ದರಿಂದ ಆಯಾ ಸಂಸ್ಥೆಯ ಆ ವರ್ಷದ ಪ್ರಕಟಣೆಯನ್ನು ಓದದೆ, ನೆರೆಮನೆಯವರ ಮಗ ಹೋದ ವರ್ಷ ಹೀಗೆ ಮಾಡಿದನೆಂಬ ಮಾತನ್ನು ಆಧರಿಸಿ ಅರ್ಜಿ ಹಾಕಬಾರದು.

ಹಣ ಯಾರು ಕೊಡುತ್ತಾರೆ?

ಮೊದಲನೆಯದು, ಅನುದಾನ ಆಯೋಗದ ಕಿರಿಯ ಸಂಶೋಧನಾ ಫೆಲೋಶಿಪ್. ಇದು ಜೆ.ಆರ್.ಎಫ್. ಎಂಬ ಹೆಸರಿನಿಂದ ಪರಿಚಿತವಾಗಿದೆ. ವರ್ಷಕ್ಕೆರಡು ಬಾರಿ, ಜೂನ್ ಮತ್ತು ಡಿಸೆಂಬರ್ ಸರಣಿಗಳಲ್ಲಿ ನಡೆಯುವ ನೆಟ್ ಪರೀಕ್ಷೆಯ 'ಗಣಕ ವಿಜ್ಞಾನ ಮತ್ತು ಅನ್ವಯಗಳು' ವಿಷಯದಲ್ಲಿ ಉನ್ನತ ಸ್ಥಾನ ಪಡೆದವರಿಗೆ ಇದು ದೊರೆಯುತ್ತದೆ. 2023ರ ಜನವರಿ 1ರಿಂದ ಜಾರಿಗೆ ಬಂದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆನಂತರ ಪ್ರಗತಿಯ ಮೌಲ್ಯಮಾಪನವಾಗಿ ಹಿರಿಯ ಫೆಲೋ ಆದ ಮೇಲೆ 42,000 ರೂಪಾಯಿ. ಒಟ್ಟು ಅವಧಿ ಐದು ವರ್ಷ. ವಿದ್ಯಾರ್ಥಿನಿಲಯದ ಸೌಲಭ್ಯ ದೊರೆಯದವರಿಗೆ ನಿಯಮಾನುಸಾರ ಮನೆಬಾಡಿಗೆ ಭತ್ಯೆಯೂ ಉಂಟು.

ಈ ಫೆಲೋಶಿಪ್ಪಿನ ವಿಶೇಷವೆಂದರೆ ಹಣ ಅಭ್ಯರ್ಥಿಯೊಡನೆ ಸಾಗುತ್ತದೆ. ಅರ್ಹ ವಿಶ್ವವಿದ್ಯಾನಿಲಯ ಯಾವುದೇ ಆಗಲಿ, ಅಲ್ಲಿ ಪ್ರವೇಶ ದೊರೆತರೆ ಸಾಕು. ಇದರ ಬೆಲೆ ತಿಳಿಯಬೇಕಾದರೆ ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಸ್ಥಿತಿಯನ್ನು ಗಮನಿಸಬೇಕು. ಅಲ್ಲಿ ಜೆ.ಆರ್.ಎಫ್. ಇಲ್ಲದೆ ಪ್ರವೇಶ ಪಡೆದ ಸಂಶೋಧಕರಿಗೆ ನೀಡುವ 'ನಾನ್-ನೆಟ್' ಶಿಷ್ಯವೇತನ ಬಹುಕಾಲದಿಂದ ತಿಂಗಳಿಗೆ 8,000 ರೂಪಾಯಿಯಲ್ಲಿಯೇ ನಿಂತಿದೆ. ಒಂದೇ ಪ್ರಯೋಗಾಲಯದಲ್ಲಿ, ಒಬ್ಬರೇ ಮಾರ್ಗದರ್ಶಕರ ಬಳಿ, ಅಕ್ಕಪಕ್ಕದ ಮೇಜುಗಳಲ್ಲಿ ಕುಳಿತ ಇಬ್ಬರಲ್ಲಿ ಒಬ್ಬರಿಗೆ 37,000, ಮತ್ತೊಬ್ಬರಿಗೆ 8,000. ಇಬ್ಬರ ಪ್ರವೇಶಪತ್ರವೂ ಒಂದೇ ಬಗೆಯದು! ಬಾಡಿಗೆ ಮನೆಯಲ್ಲಿ ಸಂಸಾರ ನಡೆಸುವ ಕುಟುಂಬಕ್ಕೆ ಈ ವ್ಯತ್ಯಾಸವು ಸಂಶೋಧನೆ ಮುಂದುವರಿಯುವುದೋ ನಡುವೆ ನಿಲ್ಲುವುದೋ ಎಂಬುದನ್ನೇ ನಿರ್ಧರಿಸಬಲ್ಲದು.

2024ರ ಜೂನ್ ಸರಣಿಯಿಂದ ನೆಟ್ ಫಲಿತಾಂಶವನ್ನು ಮೂರು ವರ್ಗಗಳಲ್ಲಿ ಪ್ರಕಟಿಸಲಾಗುತ್ತಿದೆ: ಜೆ.ಆರ್.ಎಫ್. ಸಹಿತ ಅರ್ಹತೆ, ಸಹಾಯಕ ಪ್ರಾಧ್ಯಾಪಕ ಹುದ್ದೆ ಹಾಗೂ ಪಿಎಚ್.ಡಿ. ಪ್ರವೇಶದ ಅರ್ಹತೆ, ಮತ್ತು ಪಿಎಚ್.ಡಿ. ಪ್ರವೇಶದ ಅರ್ಹತೆ ಮಾತ್ರ. ಕೊನೆಯ ಎರಡು ವರ್ಗಗಳಲ್ಲಿ ಬಂದವರ ಅಂಕಗಳು ಪ್ರವೇಶದ ಉದ್ದೇಶಕ್ಕೆ ಒಂದು ವರ್ಷ ಮಾತ್ರ ಊರ್ಜಿತವಾಗಿರುತ್ತವೆ. ಆಯ್ಕೆಯಲ್ಲಿ ಪರೀಕ್ಷೆಯ ಅಂಕಕ್ಕೆ ಶೇಕಡಾ 70, ಸಂದರ್ಶನಕ್ಕೆ ಶೇಕಡಾ 30 ಪ್ರಾಧಾನ್ಯವಿದೆ. 'ನೆಟ್ ಪಾಸಾಯಿತು' ಎಂಬ ಒಂದೇ ಮಾತಿನಲ್ಲಿ ಈ ಮೂರೂ ಅಡಗಿಕೊಳ್ಳುವುದರಿಂದ, ಯಾವ ವರ್ಗದಲ್ಲಿ ಪಾಸಾಯಿತೆಂದು ಮೊದಲು ನೋಡಿಕೊಳ್ಳುವುದು ಒಳ್ಳೆಯದು. ಜೆ.ಆರ್.ಎಫ್.ಗೆ ಸಾಮಾನ್ಯ ವಯೋಮಿತಿ 30 ವರ್ಷ. ಮಹಿಳೆಯರಿಗೂ ಮೀಸಲು ವರ್ಗಗಳವರಿಗೂ ಐದು ವರ್ಷಗಳ ಸಡಿಲಿಕೆ ಇದೆ.

ಎರಡನೆಯದು, ಸಂಸ್ಥೆಯೇ ನೀಡುವ ಬೋಧನಾ ಸಹಾಯಕ ವೇತನ. ಐ.ಐ.ಟಿ.ಗಳಲ್ಲಿ ಪೂರ್ಣಾವಧಿ ಸಂಶೋಧಕರು ಪದವಿ ತರಗತಿಗಳ ಪ್ರಯೋಗಾಲಯ, ಮೌಲ್ಯಮಾಪನ ಮುಂತಾದ ಕೆಲಸಗಳಲ್ಲಿ ವಾರಕ್ಕೆ ಕೆಲವು ಗಂಟೆ ನೆರವಾಗುತ್ತಾರೆ. ಪ್ರತಿಯಾಗಿ ಮೇಲೆ ಹೇಳಿದ ದರದಲ್ಲಿಯೇ ಶಿಷ್ಯವೇತನ ಪಡೆಯುತ್ತಾರೆ. ಇಲ್ಲಿ ಪ್ರವೇಶಕ್ಕೆ ಗೇಟ್ ಪರೀಕ್ಷೆಯ ಅಂಕವೇ ಬಹುಮಟ್ಟಿಗೆ ಆಧಾರ. ಗೇಟ್ ಅಂಕಕ್ಕೆ ಮೂರು ವರ್ಷ ಮಾನ್ಯತೆ ಇದೆ, ವಯೋಮಿತಿ ಇಲ್ಲ. ಸ್ನಾತಕ ಪದವಿಯ ಮೂರನೆಯ ವರ್ಷದಲ್ಲಿರುವವರೂ ಬರೆಯಬಹುದು. 2024ರಿಂದ ಗಣಕ ವಿಜ್ಞಾನದ ಪತ್ರಿಕೆಯ ಜೊತೆಗೆ 'ದತ್ತಾಂಶ ವಿಜ್ಞಾನ ಮತ್ತು ಕೃತಕ ಬುದ್ಧಿಮತ್ತೆ' ಎಂಬ ಪ್ರತ್ಯೇಕ ಪತ್ರಿಕೆಯೂ ಸೇರಿದೆ. ಅದರ ಪಠ್ಯಕ್ರಮ ನೋಡಿದರೆ ಈ ಕ್ಷೇತ್ರಕ್ಕೆ ಏನು ಬೇಕೆಂಬುದು ಸ್ಪಷ್ಟವಾಗುತ್ತದೆ: ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರ, ರೇಖೀಯ ಬೀಜಗಣಿತ, ಕಲನಶಾಸ್ತ್ರ ಮುಂದೆ ಬರುತ್ತವೆ, ಯಂತ್ರಕಲಿಕೆ ಮತ್ತು ಕೃತಕ ಬುದ್ಧಿಮತ್ತೆಯ ಸರದಿ ಕೊನೆಯದು. ಸಿದ್ಧ ತಂತ್ರಾಂಶವನ್ನು ಚಲಾಯಿಸಲು ಬಂದ ಮಾತ್ರಕ್ಕೆ ಕೃತಕ ಬುದ್ಧಿಮತ್ತೆ ಬಂದಂತಾಯಿತೆಂಬ ಭಾವನೆ ಗಣಿತದ ಈ ಬಾಗಿಲಲ್ಲಿಯೇ ಕರಗಿಹೋಗುತ್ತದೆ.

ಮೂರನೆಯದು ಪ್ರಾಯೋಜಿತ ಯೋಜನೆಗಳ ಹಣ. ಪ್ರಾಧ್ಯಾಪಕರೊಬ್ಬರಿಗೆ ಸರ್ಕಾರದ ಇಲಾಖೆ ಅಥವಾ ಉದ್ಯಮ ಸಂಸ್ಥೆ ಮೂರು ವರ್ಷಗಳ ಯೋಜನೆ ನೀಡಿದ್ದರೆ, ಅದರಲ್ಲಿ ಸಂಶೋಧನಾ ಸಹಾಯಕರಾಗಿ ಸೇರಿ ಪಿಎಚ್.ಡಿ.ಗೂ ನೋಂದಾಯಿಸಿಕೊಳ್ಳಲು ಸಾಧ್ಯವಿರುತ್ತದೆ. ಯೋಜನೆಗೆ ಮೂರು ವರ್ಷ, ಪಿಎಚ್.ಡಿ.ಗೆ ಐದು, ನಡುವಿನ ಎರಡು ವರ್ಷಗಳ ಗತಿಯೇನು ಎಂಬುದನ್ನು ಸೇರುವ ಮುನ್ನ ವಿನಯದಿಂದ, ಆದರೆ ಸ್ಪಷ್ಟವಾಗಿ ಕೇಳಬೇಕು. ಕೇಳುವುದರಿಂದ ಯಾವ ಒಳ್ಳೆಯ ಮಾರ್ಗದರ್ಶಕರೂ ಅಸಮಾಧಾನಗೊಳ್ಳುವುದಿಲ್ಲ.

ಇವಲ್ಲದೆ ವಿಶೇಷ ಯೋಜನೆಗಳಿವೆ. 2018ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ಯೋಜನೆಯಲ್ಲಿ ಮೊದಲ ಎರಡು ವರ್ಷಗಳಿಗೆ ತಿಂಗಳಿಗೆ 70,000 ರೂಪಾಯಿ, ಕೊನೆಯ ಎರಡು ವರ್ಷಗಳಿಗೆ 80,000 ರೂಪಾಯಿ ನಿಗದಿಯಾಗಿತ್ತು. 2025-26ರ ಆಯವ್ಯಯದಲ್ಲಿ ಐ.ಐ.ಟಿ.ಗಳು ಹಾಗೂ ಭಾರತೀಯ ವಿಜ್ಞಾನ ಸಂಸ್ಥೆಗಳಿಗಾಗಿ ಐದು ವರ್ಷಗಳಲ್ಲಿ 10,000 ಫೆಲೋಶಿಪ್‌ಗಳನ್ನು ಘೋಷಿಸಲಾಯಿತು. ಕೇಂದ್ರ ಸಚಿವ ಸಂಪುಟವು 2024ರ ಮಾರ್ಚ್ 7ರಂದು 10,371.92 ಕೋಟಿ ರೂಪಾಯಿಗಳ ವೆಚ್ಚದೊಡನೆ ಅನುಮೋದಿಸಿದ 'ಇಂಡಿಯಾ ಎಐ' ಅಭಿಯಾನದಲ್ಲಿ ಕೃತಕ ಬುದ್ಧಿಮತ್ತೆಯ 500 ಪಿಎಚ್.ಡಿ. ಸಂಶೋಧಕರಿಗೆ ನೆರವು ನೀಡುವ ಗುರಿ ಸೇರಿದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರ ಹಿಂದುಳಿದ ವರ್ಗ ಮತ್ತು ವಿಕಲಚೇತನರಿಗೆ ಪ್ರತ್ಯೇಕ ರಾಷ್ಟ್ರೀಯ ಫೆಲೋಶಿಪ್‌ಗಳುಂಟು.

ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಕ್ಷೇತ್ರಕ್ಕೆಂದೇ 2014ರಲ್ಲಿ ಆರಂಭಿಸಲಾದ ಯೋಜನೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿಡಲಾಗಿದೆ. ಹೈದರಾಬಾದಿನ ಕನ್ನಡಿಗರಿಗೆ ಈ ಹೆಸರು ದೂರದ್ದಲ್ಲ. 1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿಯ ಪ್ರವಾಹದಿಂದ ನಗರ ಜರ್ಝರಿತವಾದಾಗ, ನಿಜಾಮ ಸರ್ಕಾರದ ಕರೆಯ ಮೇರೆಗೆ ಬಂದು ಪ್ರವಾಹ ತಡೆಯ ಯೋಜನೆಯನ್ನು ರೂಪಿಸಿದವರು ಅವರೇ; ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ ಜಲಾಶಯಗಳು ಆ ಯೋಜನೆಯ ಫಲ. ಈ ಶಿಷ್ಯವೇತನವನ್ನು ಸಂಸ್ಥೆಗಳಿಗೆ ಹಂಚಿದ ಸ್ಥಾನಗಳ ಮೂಲಕ ನೀಡುವುದರಿಂದ, ಆ ವರ್ಷ ತಾನು ಸೇರಬಯಸುವ ವಿಭಾಗದಲ್ಲಿ ಸ್ಥಾನವಿದೆಯೇ ಎಂಬುದನ್ನು ಅಭ್ಯರ್ಥಿ ಅಲ್ಲಿಯೇ ವಿಚಾರಿಸಬೇಕು.

ಹತ್ತಿರದ ಸಂಸ್ಥೆಗಳು

ಸನತ್‌ನಗರದಲ್ಲಿ ವಾಸಿಸುವವರಿಗೆ ಒಂದು ಅನುಕೂಲವಿದೆ. ನಗರದ ಪಶ್ಚಿಮಕ್ಕೆ, ಗಚ್ಚಿಬೌಲಿಯಲ್ಲಿ, 1974ರಲ್ಲಿ ಸ್ಥಾಪನೆಯಾದ ಹೈದರಾಬಾದ್ ವಿಶ್ವವಿದ್ಯಾನಿಲಯವಿದೆ. ಇದು ಕೇಂದ್ರೀಯ ವಿಶ್ವವಿದ್ಯಾನಿಲಯ. ಅದೇ ಪ್ರದೇಶದಲ್ಲಿ 1998ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ, ಅಂದರೆ ಐ.ಐ.ಐ.ಟಿ. ಇದೆ. ಅದು ತನ್ನದೇ ಆದ ಪ್ರವೇಶ ಪರೀಕ್ಷೆ ನಡೆಸುತ್ತದೆ. ಸಂಗಾರೆಡ್ಡಿ ಜಿಲ್ಲೆಯ ಕಂದಿಯಲ್ಲಿ, ಮುಂಬಯಿ ಹೆದ್ದಾರಿಯ ಬದಿಯಲ್ಲಿ 2008ರಲ್ಲಿ ಸ್ಥಾಪಿತವಾದ ಐ.ಐ.ಟಿ. ಇದೆ, 2019ರಲ್ಲಿ ಕೃತಕ ಬುದ್ಧಿಮತ್ತೆಯಲ್ಲಿಯೇ ಬಿ.ಟೆಕ್. ಪದವಿ ಆರಂಭಿಸಿದ ಸಂಸ್ಥೆ ಅದು. ರಾಯಚೂರಿನ ಐ.ಐ.ಐ.ಟಿ. ಸಹ ಅದೇ ವರ್ಷ ಮೊದಲ ತರಗತಿಗಳನ್ನು ಈ ಕಂದಿ ಆವರಣದಲ್ಲಿಯೇ ನಡೆಸಿತು. ಕರ್ನಾಟಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಸುರತ್ಕಲ್ಲಿನ ಎನ್.ಐ.ಟಿ., ಧಾರವಾಡದ ಐ.ಐ.ಟಿ.ಗಳನ್ನು ಮರೆಯುವಂತಿಲ್ಲ. ಮನೆಗೆ ಹತ್ತಿರವೆಂಬುದು ಒಳ್ಳೆಯ ಕಾರಣವೇ. ಆದರೆ ಮಾರ್ಗದರ್ಶಕರ ವಿಷಯ ಹೊಂದದಿದ್ದಲ್ಲಿ ಹತ್ತಿರದ ಸಂಸ್ಥೆಯೂ ದೂರವೇ.

ಸಂಶೋಧನಾ ಪ್ರಸ್ತಾವನೆ

ಅರ್ಜಿಯಲ್ಲಿ ಅಭ್ಯರ್ಥಿಯ ಕೈಯಲ್ಲಿಯೇ ಸಂಪೂರ್ಣವಾಗಿ ಇರುವ ಭಾಗವೆಂದರೆ ಸಂಶೋಧನಾ ಪ್ರಸ್ತಾವನೆ. ಅಂಕಗಳು ಆಗಿಹೋದವು, ಪ್ರಸ್ತಾವನೆ ಇನ್ನೂ ಬರೆಯಬೇಕಾಗಿದೆ. ಸಾಮಾನ್ಯವಾಗಿ ಎರಡು-ಮೂರು ಪುಟಗಳ ಈ ಬರಹದಲ್ಲಿ ಅಭ್ಯರ್ಥಿಗಳು ಮಾಡುವ ದೊಡ್ಡ ತಪ್ಪು, ಕ್ಷೇತ್ರದ ಹಿರಿಮೆಯನ್ನು ವರ್ಣಿಸುವುದು. ಕೃತಕ ಬುದ್ಧಿಮತ್ತೆ ಜಗತ್ತನ್ನು ಬದಲಿಸುತ್ತಿದೆ ಎಂಬುದನ್ನು ಆ ಕ್ಷೇತ್ರದಲ್ಲಿಯೇ ಕೆಲಸ ಮಾಡುವ ಪ್ರಾಧ್ಯಾಪಕರಿಗೆ ತಿಳಿಸಬೇಕಾಗಿಲ್ಲ. ಒಂದು ಪ್ರಶ್ನೆ, ಆ ಪ್ರಶ್ನೆಯ ಬಗ್ಗೆ ಈವರೆಗೆ ಆಗಿರುವ ಕೆಲಸ, ಅದರಲ್ಲಿ ಉಳಿದಿರುವ ಕೊರತೆ, ತಾನು ಅನುಸರಿಸುವ ವಿಧಾನ, ಫಲವನ್ನು ಅಳೆಯುವ ಬಗೆ: ಇಷ್ಟನ್ನು ಅವರು ನಿರೀಕ್ಷಿಸುತ್ತಾರೆ.

ಒಂದು ಉದಾಹರಣೆಯಿಂದ ಇದನ್ನು ವಿಶದಪಡಿಸಬಹುದು. ಸನತ್‌ನಗರದ ಕನ್ನಡ ಕುಟುಂಬವೊಂದರ ವಿದ್ಯಾರ್ಥಿನಿ ಎಂ.ಟೆಕ್. ಮುಗಿಸಿ ಅರ್ಜಿ ಸಲ್ಲಿಸುತ್ತಿದ್ದಾಳೆಂದು ಭಾವಿಸೋಣ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಮತ್ತು ದಖನಿ, ಕಾಲೇಜಿನಲ್ಲಿ ಇಂಗ್ಲಿಷ್. ಅವಳು ಮೊದಲ ಕರಡಿನಲ್ಲಿ 'ಭಾರತೀಯ ಭಾಷೆಗಳಿಗಾಗಿ ಕೃತಕ ಬುದ್ಧಿಮತ್ತೆಯನ್ನು ಬಳಸಿ ಉತ್ತಮ ಯಂತ್ರಾನುವಾದ ವ್ಯವಸ್ಥೆಯನ್ನು ರೂಪಿಸುವುದು' ಎಂದು ಬರೆದಿದ್ದಾಳೆ. ಇದು ಆಶಯ ಮಾತ್ರ. ಇದರಲ್ಲಿ ಪ್ರಶ್ನೆ ಇಲ್ಲ. ಯಾವ ಭಾಷೆ, ಯಾವುದಕ್ಕಿಂತ ಉತ್ತಮ, ಉತ್ತಮವೆಂದು ತಿಳಿಯುವುದು ಹೇಗೆ ಎಂಬುದೊಂದೂ ಇಲ್ಲಿಲ್ಲ.

ಈಗ ಅವಳು ತನ್ನ ಮಾತೃಭಾಷೆಯ ಕಡೆಗೆ ನೋಡಬಹುದು. 'ಬರಲಾರದವರಿಗಾಗಿಯೂ' ಎಂಬುದು ಕನ್ನಡದಲ್ಲಿ ಒಂದೇ ಪದ. ಇದನ್ನು ಹಿಂದಿಯಲ್ಲಿ ಹೇಳಹೊರಟರೆ 'ಜೋ ನಹೀ ಆ ಸಕತೇ ಉನಕೇ ಲಿಯೇ ಭೀ' ಎಂದು ಏಳು ಪದಗಳು ಬೇಕಾಗುತ್ತವೆ. ಧಾತು, ಅಸಾಮರ್ಥ್ಯ, ಸರ್ವನಾಮ, ವಿಭಕ್ತಿ, ಉದ್ದೇಶ, ಸಮುಚ್ಚಯ ಎಲ್ಲವೂ ಕನ್ನಡದಲ್ಲಿ ಒಂದರ ಬೆನ್ನಿಗೊಂದು ಅಂಟಿಕೊಂಡು, ಸಂಧಿಯಲ್ಲಿ ರೂಪ ಬದಲಿಸಿಕೊಂಡು ನಿಲ್ಲುತ್ತವೆ. ಇಂದಿನ ಭಾಷಾ ಮಾದರಿಗಳು ಪಠ್ಯವನ್ನು ತುಣುಕುಗಳಾಗಿ ಒಡೆಯುವುದು ವ್ಯಾಕರಣದ ಪ್ರಕಾರವಲ್ಲ. ಯಾವ ಅಕ್ಷರಗಳು ಎಷ್ಟು ಬಾರಿ ಒಟ್ಟಿಗೆ ಬರುತ್ತವೆಂಬ ಎಣಿಕೆಯ ಪ್ರಕಾರ. ಹೀಗಾಗಿ ಪದವು ಪ್ರತ್ಯಯದ ನಡುವೆಯೇ ಕತ್ತರಿಸಿಹೋಗುವುದುಂಟು. ಇದರ ಮೇಲೆ, ಗಣಕದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಯು.ಟಿ.ಎಫ್.-8 ಸಂಕೇತ ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಒತ್ತು, ಗುಣಿತಗಳಿಗೆ ಪ್ರತ್ಯೇಕ ಸಂಕೇತಗಳಿರುವುದರಿಂದ ಒಂದು 'ಕ್ಷಿ' ಬರೆಯಲು ನಾಲ್ಕು ಸಂಕೇತ, ಹನ್ನೆರಡು ಬೈಟ್ ಆಗುತ್ತದೆ.

ಇಷ್ಟು ಗಮನಿಸಿದ ಮೇಲೆ ಪ್ರಶ್ನೆ ತಾನಾಗಿಯೇ ರೂಪುಗೊಳ್ಳುತ್ತದೆ: ಕನ್ನಡ ಪದಗಳನ್ನು ಮೊದಲೇ ಧಾತು-ಪ್ರತ್ಯಯಗಳಾಗಿ ಬಿಡಿಸಿ ಕೊಟ್ಟರೆ, ತರಬೇತಿಗೆ ದೊರೆಯುವ ವಾಕ್ಯಗಳು ಕಡಿಮೆಯಿರುವಾಗಲೂ ಕನ್ನಡ-ಹಿಂದಿ ಅನುವಾದದಲ್ಲಿ ತಪ್ಪುಗಳು ಕಡಿಮೆಯಾಗುತ್ತವೆಯೇ? ಇದಕ್ಕೆ ಹೋಲಿಕೆಯ ವ್ಯವಸ್ಥೆಯಾಗಿ ಎಣಿಕೆ ಆಧಾರಿತ ತುಣುಕುಗಳ ಮಾದರಿಯನ್ನು ಇಟ್ಟುಕೊಳ್ಳಬಹುದು. ತರಬೇತಿಗೆ 'ಸಮಾನಾಂತರ'ದಂಥ ಸಾರ್ವಜನಿಕ ವಾಕ್ಯಸಂಗ್ರಹಗಳಿವೆ. ಪರೀಕ್ಷೆಗೆ 'ಫ್ಲೋರೆಸ್' ಮತ್ತು 22 ಭಾಷೆಗಳ 'ಐ.ಎನ್.22' ಸಂಗ್ರಹಗಳಿವೆ. ಅಳೆಯಲು ಪದಗಳ ಹೊಂದಾಣಿಕೆ ನೋಡುವ 'ಬ್ಲೂ' ಮಾನಕ್ಕಿಂತ, ಅಕ್ಷರಗಳ ಹೊಂದಾಣಿಕೆ ನೋಡುವ 'ಸಿ.ಎಚ್.ಆರ್.ಎಫ್.' ಮಾನ ಪ್ರತ್ಯಯಪ್ರಧಾನ ಭಾಷೆಗಳಿಗೆ ಹೆಚ್ಚು ನ್ಯಾಯ ಒದಗಿಸುತ್ತದೆ. ಉತ್ತರ 'ಇಲ್ಲ' ಎಂದು ಬಂದರೂ ಅದು ಒಂದು ಫಲಿತಾಂಶವೇ. ಪ್ರಶ್ನೆ ಸಂಶೋಧನೆಗೆ ಯೋಗ್ಯವಾಗಿದೆಯೇ ಎಂಬುದನ್ನು ಅರಿಯಲು ಇದೊಂದು ಸರಳ ಪರೀಕ್ಷೆ.

ಹಿಂದಿನ ಕೆಲಸವನ್ನು ಹುಡುಕುವಾಗ ಅವಳಿಗೆ ತನ್ನ ಊರಿನಲ್ಲಿಯೇ ಒಂದು ಪರಂಪರೆ ಕಾಣಿಸುತ್ತದೆ. ಪಾಣಿನೀಯ ವ್ಯಾಕರಣದ ತತ್ತ್ವಗಳನ್ನು ಆಧರಿಸಿ ಕಾನ್ಪುರದ ಐ.ಐ.ಟಿ.ಯಲ್ಲಿ ಆರಂಭವಾದ 'ಅನುಸಾರಕ' ಎಂಬ ಭಾಷಾಂತರ ವ್ಯವಸ್ಥೆಯ ಕೆಲಸ, 1990ರ ದಶಕದಲ್ಲಿ ಹೈದರಾಬಾದ್ ವಿಶ್ವವಿದ್ಯಾನಿಲಯಕ್ಕೆ, ಆಮೇಲೆ ಐ.ಐ.ಐ.ಟಿ.ಗೆ ಬಂದಿತು. ಕನ್ನಡದಿಂದ ಹಿಂದಿಗೆ ರೂಪಿಸಿದ ಅನುಸಾರಕವು ಅದರ ಮೊದಲ ಫಲಗಳಲ್ಲೊಂದು. ಪದವನ್ನು ಬಿಡಿಸಿ ಒಂದೊಂದೇ ಅಂಶವನ್ನು ಹಿಂದಿಗೆ ಸಾಗಿಸುವುದು ಅದರ ಕ್ರಮವಾಗಿತ್ತು. ಹಿಂದಿ ಸೊಗಸಾಗಿ ಬರದಿದ್ದರೂ ಮೂಲದ ಅರ್ಥ ಕೈತಪ್ಪಬಾರದೆಂಬುದು ಅದರ ನಿಲುವು. ಇಂದಿನ ಮಾದರಿಗಳ ಅನುವಾದ ಸೊಗಸಾಗಿರುತ್ತದೆ, ಅರ್ಥ ಕೈತಪ್ಪಿದಾಗಲೂ! ಈ ಎರಡು ನಿಲುವುಗಳ ನಡುವಿನ ಅಂತರದಲ್ಲಿಯೇ ಒಂದು ಮಹಾಪ್ರಬಂಧಕ್ಕೆ ಆಗುವಷ್ಟು ವಿಷಯವಿದೆ. ಅನುವಾದ ಕಚೇರಿಗಳಲ್ಲಿ ದುಡಿಯುವವರಿಗೆ ಇದು ದಿನನಿತ್ಯದ ಅನುಭವ.

ಈ ಕ್ಷೇತ್ರದ ಹಿರಿಯರಲ್ಲೊಬ್ಬರಾದ ರಾಜ್ ರೆಡ್ಡಿ ಅವರು ಚಿತ್ತೂರು ಜಿಲ್ಲೆಯ ಕಾಟೂರಿನವರು. 'ಕೃತಕ ಬುದ್ಧಿಮತ್ತೆ' ಎಂಬ ಹೆಸರನ್ನು ಬಳಕೆಗೆ ತಂದ ಜಾನ್ ಮೆಕಾರ್ಥಿ ಅವರ ಮಾರ್ಗದರ್ಶನದಲ್ಲಿ 1966ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಪಿಎಚ್.ಡಿ. ಪಡೆದ ಅವರು, ಗಣಕಯಂತ್ರಕ್ಕೆ ಮನುಷ್ಯನ ಮಾತನ್ನು ಅರ್ಥಮಾಡಿಸುವ ಪ್ರಶ್ನೆಯೊಂದನ್ನೇ ದಶಕಗಳ ಕಾಲ ಬೆನ್ನಟ್ಟಿದರು. 1994ರಲ್ಲಿ ಟ್ಯೂರಿಂಗ್ ಪ್ರಶಸ್ತಿಗೆ ಪಾತ್ರರಾದರು. ಹೈದರಾಬಾದಿನ ಐ.ಐ.ಐ.ಟಿ.ಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿಯೂ ಸೇವೆ ಸಲ್ಲಿಸಿದ್ದಾರೆ.

ಪ್ರಸ್ತಾವನೆಯನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದಲೇ ಬರೆಸುವ ಅಭ್ಯಾಸ ಈಚೆಗೆ ಕಾಣಿಸಿಕೊಂಡಿದೆ. ಭಾಷೆ ತಿದ್ದಿಸಿಕೊಳ್ಳುವುದು ಬೇರೆ, ವಿಚಾರವನ್ನೇ ಬರೆಸುವುದು ಬೇರೆ. ಸಂದರ್ಶನದಲ್ಲಿ ಪ್ರಸ್ತಾವನೆಯ ಮೂರನೆಯ ವಾಕ್ಯದ ಮೇಲೆ ಬೆರಳಿಟ್ಟು 'ಇದರ ಅರ್ಥವೇನು?' ಎಂದು ಕೇಳಿದಾಗ ಉತ್ತರಿಸಬೇಕಾದವರು ಅಭ್ಯರ್ಥಿಯೇ. ಮಹಾಪ್ರಬಂಧದ ಹಂತದಲ್ಲಿ ಕೃತಿಚೌರ್ಯದ ಬಗ್ಗೆ ಅನುದಾನ ಆಯೋಗದ 2018ರ ನಿಯಮಗಳು ಇನ್ನೂ ಕಠಿಣವಾಗಿವೆ: ಶೇಕಡಾ 60ಕ್ಕಿಂತ ಹೆಚ್ಚು ಸಾಮ್ಯ ಕಂಡುಬಂದಲ್ಲಿ ನೋಂದಣಿಯನ್ನೇ ರದ್ದುಪಡಿಸಲು ಅವಕಾಶವಿದೆ. ಹಣ ಪಡೆದು ಪ್ರಬಂಧ ಬರೆದುಕೊಡುವ, 'ಪಿಎಚ್.ಡಿ. ಖಚಿತ' ಎಂದು ಪ್ರಚಾರ ಮಾಡುವ ಮಧ್ಯವರ್ತಿಗಳಿಂದ ದೂರವಿರುವುದೇ ಕ್ಷೇಮ.

ಮಾರ್ಗದರ್ಶಕರಿಗೆ ಪತ್ರ ಮತ್ತು ಸಂದರ್ಶನ

ಅರ್ಜಿಗೆ ಮುನ್ನ ಸಂಭಾವ್ಯ ಮಾರ್ಗದರ್ಶಕರಿಗೆ ಒಂದು ಚಿಕ್ಕ ಪತ್ರ ಬರೆಯುವುದು ವಾಡಿಕೆ. ಒಂದೇ ಪತ್ರವನ್ನು ನಲವತ್ತು ಮಂದಿಗೆ ಕಳುಹಿಸಿದರೆ ಅದು ತಿಳಿಯದೆ ಇರುವುದಿಲ್ಲ. ಅವರ ಈಚಿನ ಎರಡು ಲೇಖನಗಳನ್ನು ಓದಿ, ಅದರಲ್ಲಿ ತನಗೆ ಎದ್ದ ಒಂದು ಪ್ರಶ್ನೆಯನ್ನು ಬರೆದು, ಈ ವರ್ಷ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಿರಾ, ಶಿಷ್ಯವೇತನ ಯಾವ ಮೂಲದಿಂದ ದೊರೆಯುತ್ತದೆ ಎಂದು ಕೇಳಿದರೆ ಸಾಕು. ನಿಯಮದಂತೆ ಪ್ರಾಧ್ಯಾಪಕರು ಒಮ್ಮೆಗೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಸಂಶೋಧಕರಿಗಿಂತ ಹೆಚ್ಚು ಮಂದಿಗೆ ಮಾರ್ಗದರ್ಶನ ನೀಡುವಂತಿಲ್ಲವಾದ್ದರಿಂದ, ಸ್ಥಾನ ಖಾಲಿಯಿಲ್ಲವೆಂಬ ಉತ್ತರ ಬಂದರೆ ಅದನ್ನು ಯೋಗ್ಯತೆಯ ಮೇಲಿನ ತೀರ್ಪೆಂದು ತಿಳಿಯಬೇಕಾಗಿಲ್ಲ.

ಸಂದರ್ಶನದಲ್ಲಿ ಕೇಳುವುದು ಬಹುಮಟ್ಟಿಗೆ ಮೂಲಪಾಠವನ್ನೇ. ನರಜಾಲಗಳ ಬಗ್ಗೆ ನಿರರ್ಗಳವಾಗಿ ಮಾತನಾಡುವ ಅಭ್ಯರ್ಥಿ, ಕಪ್ಪುಹಲಗೆಯ ಮೇಲೆ ಬೇಯ್ಸ್ ಪ್ರಮೇಯವನ್ನು ಬರೆಯಲಾಗದೆ ನಿಲ್ಲುವ ಪ್ರಸಂಗ ಅಪರೂಪವಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಹೇಳಿ, ಎಲ್ಲಿಂದ ಯೋಚಿಸಲಾರಂಭಿಸುವೆನೆಂದು ತೋರಿಸುವುದಕ್ಕೆ ಅಂಕಗಳುಂಟು.

ವಲಸೆ ಕುಟುಂಬಗಳ ಪ್ರಮಾಣಪತ್ರ

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ವಿಶೇಷವಾಗಿ ತಿಳಿದಿರಬೇಕಾದ ವಿಷಯ ಒಂದಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಪಟ್ಟಿ ಪ್ರತಿ ರಾಜ್ಯಕ್ಕೂ ಬೇರೆ. ಕರ್ನಾಟಕದಿಂದ ವಲಸೆ ಬಂದ ಕುಟುಂಬದ ಸ್ಥಾನಮಾನವನ್ನು ಮೂಲ ರಾಜ್ಯದ ಪಟ್ಟಿಯಂತೆಯೇ ಪರಿಗಣಿಸಲಾಗುತ್ತದೆ; ತಂದೆಗೆ ಅಲ್ಲಿ ನೀಡಲಾದ ಪ್ರಮಾಣಪತ್ರವನ್ನು ಹಾಜರುಪಡಿಸಿ, ಈಗ ವಾಸಿಸುವ ರಾಜ್ಯದ ಅಧಿಕಾರಿಯಿಂದಲೂ ವಲಸೆಯವರಿಗೆ ನಿಗದಿಯಾದ ನಮೂನೆಯಲ್ಲಿ ಪ್ರಮಾಣಪತ್ರ ಪಡೆಯಬಹುದು. ಅದು ಕೇಂದ್ರ ಸರ್ಕಾರದ ಸಂಸ್ಥೆಗಳಿಗೂ ಫೆಲೋಶಿಪ್‌ಗಳಿಗೂ ಉಪಯುಕ್ತ. ತೆಲಂಗಾಣ ರಾಜ್ಯದ ಮೀಸಲಾತಿಗೆ ಅದರಿಂದ ಹಕ್ಕು ಬರುವುದಿಲ್ಲ. ಹಿಂದುಳಿದ ವರ್ಗದವರು ತಮ್ಮ ಸಮುದಾಯ ಕೇಂದ್ರದ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ರಾಜ್ಯದ ಪಟ್ಟಿಯಲ್ಲಿದ್ದು ಕೇಂದ್ರದ ಪಟ್ಟಿಯಲ್ಲಿಲ್ಲದ ಸಮುದಾಯಗಳೂ ಉಂಟು. ಮೂಲ ಊರಿನ ತಹಸೀಲ್ದಾರ್ ಕಚೇರಿಯಿಂದ ಹಳೆಯ ಕಾಗದ ತರಿಸಲು ತಿಂಗಳುಗಳೇ ಹಿಡಿಯಬಹುದಾದ್ದರಿಂದ, ಈ ಕೆಲಸವನ್ನು ಪರೀಕ್ಷೆಯ ಅರ್ಜಿಗೂ ಮೊದಲೇ ಕೈಗೆತ್ತಿಕೊಳ್ಳಬೇಕು. ಫಲಿತಾಂಶ ಬಂದ ಮೇಲೆ ಬೀದರಿನ ಬಸ್ಸು ಹತ್ತಿದರೆ ತಡವಾಗಿರುತ್ತದೆ.

ವಿದೇಶ ವ್ಯಾಸಂಗ

ಅಮೆರಿಕದ ವಿಶ್ವವಿದ್ಯಾನಿಲಯಗಳು ಗಣಕ ವಿಜ್ಞಾನದ ಪಿಎಚ್.ಡಿ.ಗೆ ಪ್ರವೇಶ ನೀಡುವಾಗ ಸಾಮಾನ್ಯವಾಗಿ ಬೋಧನಾ ಶುಲ್ಕವನ್ನು ತಾವೇ ಭರಿಸಿ, ಸಹಾಯಕ ವೇತನವನ್ನೂ ಕೊಡುತ್ತವೆ. ಅರ್ಜಿಗಳ ಕೊನೆಯ ದಿನ ಬಹುತೇಕ ಡಿಸೆಂಬರ್‌ನಲ್ಲಿ ಬರುತ್ತದೆ. ಅಂದರೆ ಸೇರುವ ಒಂಬತ್ತು ತಿಂಗಳ ಮುಂಚೆಯೇ ಶಿಫಾರಸು ಪತ್ರಗಳು ಸಿದ್ಧವಿರಬೇಕು. ಜರ್ಮನಿಯಲ್ಲಿ ಪಿಎಚ್.ಡಿ. ಸ್ಥಾನಗಳು ಅನೇಕ ಕಡೆ ಸಂಬಳದ ಉದ್ಯೋಗವೇ ಆಗಿರುತ್ತವೆ. ಪರಿಶಿಷ್ಟ ಜಾತಿ, ಅಲೆಮಾರಿ ಬುಡಕಟ್ಟು, ಭೂರಹಿತ ಕೃಷಿ ಕಾರ್ಮಿಕ ಹಾಗೂ ಸಾಂಪ್ರದಾಯಿಕ ಕುಶಲಕರ್ಮಿ ಕುಟುಂಬಗಳವರಿಗಾಗಿ ಸಾಮಾಜಿಕ ನ್ಯಾಯ ಸಚಿವಾಲಯವು ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವನ್ನು ನಡೆಸುತ್ತಿದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಳನ್ನು ಮೀರಿರಬಾರದು. ಅಮೆರಿಕದ ಬಹಳಷ್ಟು ವಿಶ್ವವಿದ್ಯಾನಿಲಯಗಳು ತಮ್ಮೊಳಗಿನ ಒಪ್ಪಂದದಂತೆ ನೆರವಿನ ಪ್ರಸ್ತಾಪಕ್ಕೆ ಉತ್ತರಿಸಲು ಏಪ್ರಿಲ್ 15ರ ವರೆಗೆ ಕಾಲಾವಕಾಶ ನೀಡುತ್ತವೆ. ಆತುರದಲ್ಲಿ ಒಪ್ಪಿಗೆ ಕಳುಹಿಸಬೇಕಾಗಿಲ್ಲ.

ಸೇರಿದ ಮೇಲೆ

ಆದೇಶಪತ್ರ ಬಂದ ತಿಂಗಳಿನಿಂದಲೇ ಹಣ ಕೈಸೇರುವುದೆಂದು ಲೆಕ್ಕ ಹಾಕಬಾರದು. ಫೆಲೋಶಿಪ್ ನಡೆಯಬೇಕಾದರೆ ಸೇರ್ಪಡೆ ವರದಿ ಸಲ್ಲಿಕೆಯಾಗಬೇಕು, ಬ್ಯಾಂಕ್ ಖಾತೆ ಆಧಾರ್‌ನೊಡನೆ ಜೋಡಣೆಯಾಗಿರಬೇಕು, ಸಂಸ್ಥೆಯು ಅಭ್ಯರ್ಥಿಯ ಹೆಸರನ್ನು ಗಣಕ ವ್ಯವಸ್ಥೆಯಲ್ಲಿ ನಮೂದಿಸಿ ತಿಂಗಳು ತಿಂಗಳೂ ದೃಢೀಕರಿಸಬೇಕು. ಇವುಗಳಲ್ಲಿ ಯಾವುದೊಂದು ತಡವಾದರೂ ಹಣ ತಡವಾಗುತ್ತದೆ. ಬಾಕಿ ಒಟ್ಟಿಗೆ ಬರುವುದಾದರೂ ಮನೆ ಬಾಡಿಗೆ ಅಲ್ಲಿಯವರೆಗೆ ಕಾಯುವುದಿಲ್ಲ. ಆದ್ದರಿಂದ ಕೆಲಸದಲ್ಲಿರುವವರು ರಾಜೀನಾಮೆ ನೀಡುವ ಮೊದಲು ಕನಿಷ್ಠ ನಾಲ್ಕು ತಿಂಗಳ ಖರ್ಚನ್ನು ಕೂಡಿಟ್ಟುಕೊಳ್ಳುವುದು ವಿವೇಕ. ಕೆಲಸ ಬಿಡಲು ಸಾಧ್ಯವೇ ಇಲ್ಲದವರಿಗೆ, ಉದ್ಯೋಗದಾತರ ನಿರಾಕ್ಷೇಪಣಾ ಪತ್ರದೊಡನೆ ಅರೆಕಾಲಿಕ ಪಿಎಚ್.ಡಿ. ಮಾಡಲು 2022ರ ನಿಯಮಾವಳಿ ಅವಕಾಶ ನೀಡಿದೆ. ಅದಕ್ಕೆ ಸಾಮಾನ್ಯವಾಗಿ ಶಿಷ್ಯವೇತನ ಇರುವುದಿಲ್ಲ. ಪೂರ್ಣಾವಧಿ ಫೆಲೋಶಿಪ್ ಪಡೆಯುತ್ತಲೇ ಹೊರಗೆ ಸಂಬಳದ ಕೆಲಸ ಮಾಡುವುದು ನಿಷಿದ್ಧ. ಸಿಕ್ಕಿಬಿದ್ದಲ್ಲಿ ಪಡೆದ ಹಣವನ್ನು ಹಿಂತಿರುಗಿಸಬೇಕಾಗುತ್ತದೆ. ಸೇರ್ಪಡೆ ವರದಿಯ ಒಂದು ಪ್ರತಿ, ಮಾರ್ಗದರ್ಶಕರ ಸಹಿಯುಳ್ಳ ಪ್ರಗತಿ ವರದಿಗಳು, ಮನೆಬಾಡಿಗೆ ಭತ್ಯೆಯ ಪತ್ರ: ಇವನ್ನು ಮೊದಲ ದಿನದಿಂದಲೇ ಒಂದು ಕಡತದಲ್ಲಿ ಇಟ್ಟುಕೊಂಡು ಬರಬೇಕು. ಎರಡು ವರ್ಷಗಳ ಕೊನೆಗೆ ಹಿರಿಯ ಫೆಲೋಶಿಪ್ಪಿಗೆ ಬಡ್ತಿ ಪಡೆಯುವಾಗ ಮೌಲ್ಯಮಾಪನ ಸಮಿತಿ ಮೊದಲು ಕೇಳುವುದು ಆ ಪ್ರಗತಿ ವರದಿಗಳನ್ನೇ.